ಒರೆಸದೆ ಉಳಿದ ಸಾಲು

ಕಾಕಾ ಹೋದ ಸುದ್ದಿಯನ್ನು ಕಲಬುರಗಿಯ ಅದಾಲತ್ತಿಗೆ ಮುಟ್ಟಿಸುವ ಕೆಲಸ ನನಗೇ ಬಂತು. ಕಮಲಾಪುರದಲ್ಲಿ ಅವರಿಗೆ ಮಣ್ಣು ಕೊಟ್ಟು, ಆ ವಾರದ ಬಾಳೆಗೊನೆಗಳನ್ನು ಬಂಡಿಗೆ ಹೇರಿಕೊಂಡು ಎಂದಿನಂತೆ ಪೇಟೆಗೆ ಹೊರಟೆ. ತಾಜಸುಲ್ತಾನಪುರದ ಬಾವಿಯ ಹತ್ತಿರ ಎತ್ತು ಬಿಚ್ಚಿ ನೀರು ಕುಡಿಸುವಾಗಲೂ ನನಗೆ ಅಳು ಬರಲಿಲ್ಲ. ಅದಾಲತ್ತಿನ ಮುಂದಿನ ಬೇವಿನ ಗಿಡದ ಹತ್ತಿರ ಹೋದಾಗ ನಾಲ್ಕು ಜನ ವಕೀಲರು ನಿಂತಿದ್ದರು. "ಏನಪ್ಪಾ, ಕಾಕಾ ಹ್ಯಾಂಗಿದ್ದಾರ?" ಎಂದು ಒಬ್ಬರು ಕೇಳಿದರು.

"ಹೋದ್ರು ರೀ" ಎಂದೆ.

ನಾಲ್ವರೂ ನನ್ನ ಮುಖ ಬಿಟ್ಟು ಗಿಡದಲ್ಲಿ ತೂಗುತ್ತಿದ್ದ ಹಲಗೆಯ ಕಡೆ ನೋಡಿದರು. ನಾನೂ ನೋಡಿದೆ. ಅದರ ಮೇಲೆ ಕಾಕಾ ಬರೆದ ಒಂದು ಸಾಲು ಇನ್ನೂ ಇತ್ತು.

ವಕೀಲರಿಗೆ ಕೊಡಲು ಏನೂ ಇಲ್ಲದ ಎಷ್ಟೋ ಜನರಿಗೆ ಕಾಕಾ ಪುಕ್ಕಟೆ ವಕೀಲರನ್ನು ದೊರಕಿಸಿಕೊಟ್ಟವರು. ಅಂಥ ಕಾಕಾ ತಮ್ಮ ಪಾಳಿ ಬಂದಾಗ ವಕೀಲನಿಲ್ಲದೆ ಒಬ್ಬರೇ ನಿಂತರು, ಇದ್ದ ಖೋಲಿಯನ್ನು ಕಳೆದುಕೊಂಡು ನಮ್ಮ ಮನೆಯ ಪಡಸಾಲೆಯಲ್ಲಿ ತೀರಿಕೊಂಡರು. ಇದನ್ನು ಬರೆಯುವಾಗಲೂ ನಾನು ಯಾವುದೋ ಸುಳ್ಳು ಬರೆಯುತ್ತಿದ್ದೇನೆ ಅನ್ನಿಸುತ್ತದೆ. ಆದರೆ ಎಲ್ಲ ನನ್ನ ಕಣ್ಣೆದುರಿಗೇ ನಡೆದದ್ದು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಅವರಿಗೆ ಅದು ಸೇರುತ್ತಿರಲಿಲ್ಲ. ಅವರು ಯಾವ ಮತದವರು ಎಂಬುದನ್ನೂ ಬರೆಯುವುದಿಲ್ಲ. ನಮ್ಮ ಕಡೆ ಸತ್ತ ಮೇಲೆ ಮಣ್ಣಿಗೆ ಹೋಗುವವರು ಎರಡೂ ಮತದಲ್ಲಿ ಇದ್ದಾರೆ. ಓದುವವರಿಗೆ ಅಷ್ಟು ಸಾಕು.

ಅವರು ಅದಾಲತ್ತಿನಲ್ಲಿ ಚಪರಾಸಿಯಾಗಿದ್ದರು. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗಿ ಕರೆಯುವುದೇ ಅವರ ಕೆಲಸ. ಅದಕ್ಕೆ ಪುಕಾರು ಎನ್ನುತ್ತಾರೆ. ನಿಜಾಮ ಸರ್ಕಾರದ ಪಟ್ಟೆ ಕಟ್ಟಿಕೊಂಡು, ಎಡಗೈಯನ್ನು ಕಿವಿಯ ಮೇಲಿಟ್ಟು ಅವರು ಪುಕಾರು ಕೊಟ್ಟರೆ ಕೋಟೆಯ ಕಂದಕದ ಆಚೆ ಮೇಯುವ ಎಮ್ಮೆಗಳು ತಲೆ ಎತ್ತುತ್ತಿದ್ದವು ಎಂದು ಜನ ತಮಾಷೆ ಮಾಡುತ್ತಿದ್ದರು. ಅದಕ್ಕೇ ಎಲ್ಲರೂ ಅವರನ್ನು ಪುಕಾರ್ ಕಾಕಾ ಎಂದು ಕರೆಯುವವರು. ನೌಕರಿ ಮುಗಿಯುವ ಹೊತ್ತಿಗೆ ಅವರ ಸ್ವಂತ ಹೆಸರು ಯಾರ ನೆನಪಿನಲ್ಲೂ ಇರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಅವರನ್ನು ಮೊದಲು ಕಂಡದ್ದು ನಮ್ಮ ಅಕ್ಕನ ಕೆಲಸಕ್ಕೆ ಹೋದಾಗ. ಅವರು ನೌಕರಿಯಿಂದ ಇಳಿದು ಹೆಚ್ಚು ದಿನ ಆಗಿರಲಿಲ್ಲ. ಭಾವ ತೀರಿಕೊಂಡ ವರ್ಷವೇ ಅಕ್ಕನ ಮೈದುನರು ಅವಳ ಪಾಲಿನ ಹೊಲವನ್ನು ತಮ್ಮದೆಂದು ಬಿತ್ತಿಬಿಟ್ಟಿದ್ದರು. ಅಕ್ಕನ ಹೆಸರು ಕೂಗಿದರು, ಅಕ್ಕ ಒಳಗೆ ಹೋದಳು. "ವಕೀಲ ಎಲ್ಲಿ?" ಎಂದು ಕೇಳಿದರು. ಇಲ್ಲ ಎಂದಳು. ಮುಂದಿನ ತಾರೀಖು ಕೊಟ್ಟು ಕಳಿಸಿದರು. ನಾವಿಬ್ಬರೂ ಬೇವಿನ ಗಿಡದ ಕೆಳಗೆ ಬಂದು ಕುಳಿತೆವು.

ಒಬ್ಬ ಉದ್ದನೆಯ ಮನುಷ್ಯ ನಮ್ಮ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕುಳಿತ. "ಯಾವೂರವ್ವ?"

"ಕಮಲಾಪುರ ರೀ."

"ಓ, ಕೆಂಪ ಬಾಳಿಹಣ್ಣಿನವ್ರು. ಹಣ್ಣ ತಂದೀರೇನು?"

"ಇಲ್ಲ ರೀ."

"ಹಂಗಾರ ಕೇಸ್ ತಂದೀರಿ. ಅದನ್ನೇ ಕೊಡ್ರಿ."

ಅಕ್ಕ ಕಣ್ಣು ಒರೆಸಿಕೊಂಡು ತನ್ನ ಹೆಸರು ಹೇಳಿದಳು, ತಂದೆಯ ಹೆಸರು ಹೇಳಿದಳು, ಗಂಡನ ಹೆಸರು ಹೇಳಬಾರದೆಂದು ನನ್ನ ಕಡೆ ನೋಡಿದಳು. ಆತ ಕೈ ಅಡ್ಡ ಮಾಡಿದ. "ಯಾರ ಹೆಸರೂ ಬ್ಯಾಡವ್ವಾ. ಹೆಸರು ಕೂಗಿ ಕೂಗಿ ನನಗ ಸಾಕಾಗ್ಯಾದ. ಸಂಗತಿ ಹೇಳು."

ಹೆಸರಿಲ್ಲದೆ ತನ್ನ ಕಥೆ ಹೇಳುವುದು ಹೇಗೆಂದು ಅಕ್ಕನಿಗೆ ತಿಳಿಯಲಿಲ್ಲ. ಮತ್ತೆ ಮತ್ತೆ ಹೆಸರಿನಿಂದಲೇ ಶುರು ಮಾಡುತ್ತಿದ್ದಳು. ಆತ ಬೇಸರಪಡದೆ ಕಾದ. ಕೊನೆಗೆ ಎದ್ದುಹೋಗಿ ಗಿಡಕ್ಕೆ ತೂಗುಹಾಕಿದ್ದ ಹಲಗೆಯ ಮೇಲೆ ಸೀಮೆಸುಣ್ಣದ ಖಡುವಿನಿಂದ ಬರೆದ. ಹಳೆಯ ಕಪಾಟಿನ ಬಾಗಿಲೊಂದಕ್ಕೆ ದೀಪದ ಮಸಿ ಬಳಿದು ಮಾಡಿದ ಹಲಗೆ ಅದು. ಮೇಲೆ ಉರ್ದು, ಕೆಳಗೆ ಕನ್ನಡ. "ಗಂಡ ಸತ್ತಾನೆ. ಹೊಲ ಮೈದುನರು ಬಿತ್ತಿದರು. ಉಣ್ಣುವ ಬಾಯಿ ಮೂರು."

ಅಕ್ಕನ ಇಡೀ ಸಂಕಟ ಅಷ್ಟರಲ್ಲಿ ಮುಗಿದದ್ದು ನೋಡಿ ನನಗೆ ಸಿಟ್ಟು ಬಂದಿತ್ತು. ಆದರೆ ನೋಡುತ್ತಿದ್ದಂತೆಯೇ ದಪ್ಪ ಮೈಯ ವಕೀಲರೊಬ್ಬರು ಎಲೆಯಡಿಕೆ ಜಗಿಯುತ್ತ ಬಂದರು. ಹಲಗೆಯ ಮುಂದೆ ನಿಂತರು, ಓದಿದರು. ಪಕ್ಕಕ್ಕೆ ಹೋಗಿ ಉಗುಳಿ ಬಂದು ಇನ್ನೊಮ್ಮೆ ಓದಿದರು. ಆಮೇಲೆ ಬಲ ಅಂಗೈಯಿಂದ ಆ ಸಾಲುಗಳನ್ನು ಸರ್ರನೆ ಒರೆಸಿಬಿಟ್ಟರು. ಅಕ್ಕ "ಅಯ್ಯೋ" ಎಂದಳು. ತನ್ನ ನಸೀಬನ್ನೇ ಒರೆಸಿಹಾಕಿದರು ಎಂದುಕೊಂಡಳು.

"ಯಾರು?" ಎಂದು ವಕೀಲರು ಕೇಳಿದರು.

ಕಾಕಾ ನಗುತ್ತ ಅಕ್ಕನ ಕಡೆ ಬೆರಳು ತೋರಿಸಿದರು.

ಇದೇ ಅವರ ಕಟ್ಟಳೆ. ಹಲಗೆಯ ಮೇಲೆ ಹೆಸರಿರುವುದಿಲ್ಲ, ಊರಿರುವುದಿಲ್ಲ, ಜಾತಿ ಇರುವುದಿಲ್ಲ. ಕೂಲಿ ಕೇಳದೆ ನಡೆಸುವ ವಕೀಲ ತನ್ನ ಅಂಗೈಯಿಂದಲೇ ಒರೆಸಬೇಕು, ಅರಿವೆಯಿಂದಲ್ಲ. ಒರೆಸಿದ ಮೇಲೆಯೇ "ಯಾರು?" ಎಂದು ಕೇಳಬೇಕು. ಒಮ್ಮೆ ಒರೆಸಿದರೆ ಆ ಪ್ರಕರಣ ಅವನದು, ಮರಳಿ ಬರೆಯುವಂತಿಲ್ಲ. ಯಾರಾದರೂ ಮೊದಲೇ ಯಾರೆಂದು ಕೇಳಿದರೆ ಕಾಕಾ ಕಿವುಡರಾಗುತ್ತಿದ್ದರು. ಅಷ್ಟು ದೊಡ್ಡ ದನಿಯ ಮನುಷ್ಯ ಕಿವುಡನಂತೆ ಕೂಡುವುದನ್ನು ನೋಡಲೆಂದೇ ಕೆಲವರು ಬೇಕಂತ ಕೇಳುವವರು.

ಹೆಸರು ಯಾಕೆ ಬೇಡ ಎಂದು ನಾನೊಮ್ಮೆ ಕೇಳಿದ್ದೆ. ಅಕ್ಕನ ಹೊಲ ಅಕ್ಕನಿಗೆ ಬಂದ ಮೇಲೆ, ಪೇಟೆಗೆ ಬಂದಾಗಲೆಲ್ಲ ಅವರಿಗೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕೊಟ್ಟು ಸ್ವಲ್ಪ ಹೊತ್ತು ಕೂಡುವುದು ನನ್ನ ರೂಢಿಯಾಗಿತ್ತು.

"ತಮ್ಮಾ, ನಾ ಬಾಗಲದಾಗ ನಿಂತು ಹೆಸರು ಕೂಗ್ತಿದ್ದೆ ನೋಡು. ಹೆಸರು ಕೂಗಿದ ಕೂಡ್ಲೆ ಮಂದಿ ಹೊಳ್ಳಿ ನೋಡ್ತಿದ್ರು. ಇವ ನಮ್ಮಾವ, ಇವ ಅವ್ರಾವ, ಇವ್ರಪ್ಪ ನಮ್ಮಪ್ಪನ ಕೂಡ ಜಗಳಾಡಿದಾಂವ. ಆ ಮನಷ್ಯಾ ಒಳಗ ಹೋಗಿ ಬಾಯಿ ತಗಿಯೋದ್ರಾಗೇ ಅರ್ಧಾ ಫೈಸಲಾ ಆಗಿರ್ತಿತ್ತು." ಹಣ್ಣಿನ ಸಿಪ್ಪೆ ಸುಲಿದು, "ಸಂಗತಿಗೆ ಜಾತಿ ಇಲ್ಲಪಾ" ಎಂದರು.

ಸಂಗತಿಗಳನ್ನು ಅವರು ಯಾವಾಗಲೂ ಸರಿಯಾಗಿ ಬರೆಯುತ್ತಿದ್ದರು ಎಂದಲ್ಲ. ಕಾನೂನು ಅವರಿಗೆ ಅಷ್ಟಕ್ಕಷ್ಟೇ. ಹೊಲಮನೆಯ ದಿವಾಣಿ ಕೇಸನ್ನು ಬಡಿದಾಟದ ಫೌಜದಾರಿ ಎಂದು ಬರೆದು ಬೈಸಿಕೊಂಡದ್ದು ಬಹಳ ಸಲ. ಕೆಲವೊಮ್ಮೆ ಬೇಕೆಂದೇ ಮರೆಮಾಚುತ್ತಿದ್ದರು. ಒಮ್ಮೆ "ಹಾಲೂಡುವ ತಾಯಿಯನ್ನು ಎಳೆದೊಯ್ದಿದ್ದಾರೆ. ಮರಿ ಒದರುತ್ತಾ ಇದೆ" ಎಂದು ಬರೆದಿದ್ದರು. ಹೊಸದಾಗಿ ವಕೀಲಿ ಹಿಡಿದಿದ್ದ ಒಬ್ಬ ತರುಣ ಕಣ್ಣಲ್ಲಿ ನೀರು ತಂದುಕೊಂಡು ಒರೆಸಿ "ಯಾರು?" ಎಂದ. ಶರಣಸಿರಸಗಿಯ ರೈತನೊಬ್ಬ ಎದ್ದು ನಿಂತ. ಬಾಡಿಗೆಯ ಜಗಳದಲ್ಲಿ ಯಾರೋ ಅವನ ಎಮ್ಮೆಯನ್ನು ಬಿಚ್ಚಿಕೊಂಡು ಹೋಗಿದ್ದರು.

"ಕಾಕಾ, ಎಮ್ಮಿ ಅಂತ ಬರೀಬಾರದಿತ್ತೇನು?"

"ಎಮ್ಮಿ ಅಂತ ಬರದಿದ್ರ ನೀವು ಒರಸ್ತಿದ್ರೇನ್ ರೀ?"

ತರುಣ ವಕೀಲ ತನ್ನ ಅಂಗೈ ನೋಡಿಕೊಂಡ, ಬೆಳ್ಳಗಾಗಿತ್ತು. ಇನ್ನೇನು ಮಾಡುವುದು, ಎಮ್ಮೆಗಾಗಿ ನಿಂತು ವಾದಿಸಿ ಅದನ್ನು ಬಿಡಿಸಿಕೊಂಡು ಬಂದ. ಆಮೇಲೆ ಬಹಳ ದಿನ ಗೆಳೆಯರು ಅವನನ್ನು ಎಮ್ಮೆ ವಕೀಲ ಎಂದೇ ಕರೆದರು. ಅವನು ನಕ್ಕು ಸುಮ್ಮನಾಗುತ್ತಿದ್ದ. ಈ ಬರಹದಲ್ಲಿ ಅವನು ಇನ್ನೂ ಬರುತ್ತಾನೆ.

ಆ ಬಿಳಿ ಅಂಗೈಯೂ ಕಾಕಾನ ಉಪಾಯವೇ ಇರಬೇಕು. ಕರಿ ಶೇರವಾನಿ ಹಾಕಿಕೊಂಡ ವಕೀಲರು ಕೈ ಎತ್ತಿ ಮಾತಾಡುವಾಗ ಖಡುವಿನ ಬಿಳುಪು ಎಲ್ಲರಿಗೂ ಕಾಣುತ್ತಿತ್ತು. ಮುನ್ಸೀಫರು ಅದನ್ನು ನೋಡಿ ಸಣ್ಣಗೆ ನಗುತ್ತಿದ್ದರು. ದೊಡ್ಡ ದೊಡ್ಡ ವಕೀಲರು ಆ ನಗುವಿಗಾಗಿಯೇ ಬಂದು ಒರೆಸುತ್ತಿದ್ದರು ಎಂದು ಕಾಕಾ ಹೇಳುತ್ತಿದ್ದರು. "ಪುಣ್ಯಾಕ್ಕ ಬರ್ಲಿ, ಹೆಮ್ಮಿಗೆ ಬರ್ಲಿ, ನಮಗೇನು? ಅಂಗೈಗೆ ಹತ್ತಿದ ಖಡು ಖರೇನ ಇರ್ತದ."

ಮಧ್ಯಾಹ್ನದ ತನಕ ಯಾವುದಾದರೂ ಸಾಲು ಒರೆಸದೆ ಉಳಿದರೆ ಕಾಕಾ ಎದ್ದು ನಿಲ್ಲುತ್ತಿದ್ದರು. ಎಡಗೈಯನ್ನು ಕಿವಿಯ ಮೇಲಿಟ್ಟು, ಹಿಂದೆ ಕಕ್ಷಿದಾರರನ್ನು ಕರೆಯುತ್ತಿದ್ದ ದನಿಯಲ್ಲೇ, "ವಕೀಲ ಹಾಜಿರ್ ಹೈ... ವಕೀಲ ಯಾರರೇ ಇದ್ದಾರೇನು..." ಎಂದು ಪುಕಾರು ಹಾಕುವವರು. ಊಟಕ್ಕೆ ಕುಳಿತ ವಕೀಲರು ತುತ್ತು ಕೈಯಲ್ಲೇ ಹಿಡಿದು ನಗುತ್ತಿದ್ದರು. "ಬಂದೆ ಮಾರಾಯಾ, ಉಣ್ಣಾಕರೆ ಬಿಡು" ಎಂದು ಯಾರಾದರೊಬ್ಬರು ಎದ್ದು ಬರುತ್ತಿದ್ದರು.

ಒಮ್ಮೆ ಅದಾಲತ್ತಿನ ಕಚೇರಿ ನೋಡಿಕೊಳ್ಳುವ ಹೊಸ ನಾಜರ ಬಂದು, ಸರ್ಕಾರಿ ಗಿಡಕ್ಕೆ ಖಾಸಗಿ ಹಲಗೆ ಕಟ್ಟಬಾರದು ಎಂದು ತಾಕೀತು ಮಾಡಿದ. ಕಾಕಾ ವಾದ ಮಾಡಲಿಲ್ಲ. ಹಲಗೆ ಬಿಚ್ಚಿ ಅದರ ಹಗ್ಗವನ್ನು ಕೊರಳಿಗೆ ಹಾಕಿಕೊಂಡು, ಎದೆಯ ಮೇಲೆ ಹಲಗೆ ಇಳಿಬಿಟ್ಟು ಅದಾಲತ್ತಿನ ಮೆಟ್ಟಿಲ ಎದುರಿಗೆ ನಿಂತರು. ವಕೀಲರು ಅವರ ಎದೆಯನ್ನೇ ಓದಿ ಎದೆಯ ಮೇಲೆಯೇ ಒರೆಸಿದರು. ನಾಜರ ಮತ್ತೆ ಬಂದ.

"ಇದೇನ್ ನಾಟಕ ಹಚ್ಚಿದಿ ಮುದುಕಾ?"

"ಗಿಡ ಸರ್ಕಾರದ್ದು ಹುಜೂರ್. ಎದಿ ನನ್ನದು."

ಮುನ್ಸೀಫರ ಕಿವಿಗೆ ಇದು ಬಿತ್ತೋ ಏನೋ, ಆ ವಾರ ಕಳೆಯುವಷ್ಟರಲ್ಲಿ ಹಲಗೆ ಗಿಡಕ್ಕೆ ಮರಳಿತ್ತು. ನಾಜರ ಆಮೇಲೆ ತನ್ನ ಮಾವನ ಊರಿನವರದೊಂದು ಸಂಗತಿಯನ್ನು ತಾನೇ ಕರೆದುಕೊಂಡು ಬಂದು ಬರೆಸಿದ. ಕಾಕಾ ಅವನಿಗೂ "ಹೆಸರು ಬ್ಯಾಡ" ಎಂದೇ ಹೇಳಿದರು.

ಅವರ ಮನೆ ಕೋಟೆಯೊಳಗೆ, ದೊಡ್ಡ ಮಸೀದಿಯ ಹಿಂದಿನ ಓಣಿಯಲ್ಲಿತ್ತು. ನಾನು ಎರಡು ಮೂರು ಸಲ ಹೋಗಿದ್ದೆ. ಮನೆಯೆಂದರೆ ಅವರಿಗೆ ಮುಂದಿನ ಖೋಲಿ ಒಂದೇ. ಹೆಂಡತಿ ತೀರಿಕೊಂಡು ಬಹಳ ವರ್ಷ ಆಗಿತ್ತು, ಮಕ್ಕಳಿರಲಿಲ್ಲ. ಗೋಡೆಯ ಗೂಡಿನಲ್ಲಿ ಆಕೆಯ ಬಳೆಗಳನ್ನು ಇಟ್ಟಿದ್ದರು. ಗೂಡಿನ ಸುತ್ತ ಆಕೆ ತನ್ನ ಕೈಯಿಂದ ಬಿಡಿಸಿದ್ದ ಸುಣ್ಣದ ಹೂವಿನ ಬಳ್ಳಿ ಇತ್ತು. ಇಡೀ ಮನೆಗೆ ಸುಣ್ಣ ಹಚ್ಚಿದರೂ ಆ ಗೂಡಿನ ಸುತ್ತ ಹಚ್ಚಗೊಡುತ್ತಿರಲಿಲ್ಲ. "ಗ್ವಾಡಿ ಎತ್ತಿಕೊಂಡು ಹೋಗಾಕ ಬರಂಗಿಲ್ಲ ನೋಡು, ಅದಕ್ಕ ನಾನೂ ಎಲ್ಲೂ ಹೋಗಂಗಿಲ್ಲ" ಎಂದು ಒಮ್ಮೆ ಹೇಳಿದ್ದರು. ಒಳಗಿನ ಭಾಗದಲ್ಲಿ ಅವರ ಅಣ್ಣನ ಸಂಸಾರ. ಅಣ್ಣ ತೀರಿಕೊಂಡಿದ್ದ, ಅವನ ಮಗನಿದ್ದ. ನಾನು ಹೋದಾಗ ಅವನು ಬಾಗಿಲಿಗೆ ಬಂದು ನೀರು ಕೊಟ್ಟಿದ್ದ. ಕೆಟ್ಟ ಹುಡುಗನ ಹಾಗೆ ಕಾಣಲಿಲ್ಲ.

ಆಮೇಲಿನ ಒಂದು ಚಳಿಗಾಲದಲ್ಲಿ ಹಲಗೆಯ ಮೇಲಿನ ಎಡಮೂಲೆಯಲ್ಲಿ ಒಂದು ಸಂಗತಿ ಬಂತು. "ಮುದುಕನೊಬ್ಬ. ಅಣ್ಣನು, ನೀನು ಬದುಕಿರುವತನಕ ಇರು ಎಂದು ಬಾಯಿಂದ ಹೇಳಿ ಒಂದು ಖೋಲಿ ಕೊಟ್ಟಿದ್ದ. ಕಾಗದ ಇಲ್ಲ. ಈಗ ಅಣ್ಣನ ಮಗ ಮನೆ ಮಾರಬೇಕೆಂದು ಖೋಲಿ ಬಿಡಿಸಲು ದಾವೆ ಹಾಕಿದ್ದಾನೆ."

ನಾನು ಅದನ್ನು ಓದಿದೆ. ಎಲ್ಲರೂ ಓದಿದರು. ಅಡಗಿಸಿಟ್ಟದ್ದೇನೂ ಇರಲಿಲ್ಲ. ನಮ್ಮೆಲ್ಲರ ಕಣ್ಣೆದುರಿಗೆ, ನಡುಹಗಲಿನಲ್ಲಿ, ಎರಡು ಭಾಷೆಯಲ್ಲಿ ಬರೆದಿತ್ತು.

ವಕೀಲರು ಬರುತ್ತಿದ್ದರು, ಬೇರೆ ಸಾಲುಗಳನ್ನು ಒರೆಸುತ್ತಿದ್ದರು, ಎಡಮೂಲೆಯನ್ನು ಬಿಡುತ್ತಿದ್ದರು. ಮನೆಯ ಒಳಗಿನ ಜಗಳ, ಕಾಗದ ಬೇರೆ ಇಲ್ಲ, ಗೆಲ್ಲುವಂಥದಲ್ಲ ಎಂದು ಒಬ್ಬರು ಅಂದರು. ಎಮ್ಮೆ ವಕೀಲ ಈಗ ಸ್ವಲ್ಪ ಹೆಸರು ಮಾಡಿದ್ದ. ಅವನು ಅದನ್ನು ಓದಿ ನಕ್ಕ.

"ಕಾಕಾ, ಈ ಮುದಕಗ ಹೇಳ್ರಿ, ವಕೀಲನ ಬದ್ಲಿ ಅಣ್ಣನ ಮಗನ ಕಾಲು ಹಿಡಕೋ ಅಂತ."

"ಹೇಳ್ತೇನಿ ರೀ" ಎಂದು ಕಾಕಾನೂ ನಕ್ಕರು.

"ಖೋಲಿ ಒಂದ್ ಹೋದ್ರ ಏನಾಗ್ತದ? ವಯಸ್ಸಾದಾವಗ ಎಲ್ಲಿ ಮಲಗಿದ್ರೇನು?"

"ಅದೂ ಖರೇನ" ಎಂದು ಕಾಕಾ ಹಲಗೆಯ ಧೂಳು ಕೊಡವಿದರು.

ಇಬ್ಬನಿಗೆ ಅಕ್ಷರ ಮಸುಕಾದಾಗ ಅವರೇ ತಿದ್ದಿ ಬರೆಯುತ್ತಿದ್ದರು. ಬೇರೆಯವರ ಸಂಗತಿಯಾಗಿದ್ದರೆ, ಯಾರೂ ಒರೆಸದಿದ್ದಾಗ ಇನ್ನೂ ರುಚಿ ಹಚ್ಚಿ, ಇನ್ನೂ ಎರಡು ಮಾತು ಸೇರಿಸಿ ಬರೆಯುವುದು ಅವರ ಪದ್ಧತಿ. ಇದು ಮಾತ್ರ ವಾರದಿಂದ ವಾರಕ್ಕೆ ಸಣ್ಣದಾಗುತ್ತ ಹೋಯಿತು. ಮೊದಲು ಅಣ್ಣ ಹೋದ. ಆಮೇಲೆ ಅಣ್ಣನ ಮಗ ಹೋದ. ಆಮೇಲೆ ಖೋಲಿ ಹೋಯಿತು. ಕೊನೆಗೆ ಉಳಿದದ್ದು ಇಷ್ಟೇ: "ಒಬ್ಬ ಮುದುಕ. ವಕೀಲ ಬೇಕು."

ಅದಕ್ಕಾಗಿ ಅವರು ಮಧ್ಯಾಹ್ನ ಒಮ್ಮೆಯೂ ಎದ್ದು ನಿಂತು ಪುಕಾರು ಹಾಕಲಿಲ್ಲ. "ಇದಕ್ಕ ಯಾಕ ಪುಕಾರ್ ಇಲ್ಲ ಕಾಕಾ?" ಎಂದು ನಾನು ಕೇಳಿದ್ದೆ. "ಗಂಟ್ಲ ಬಿದ್ದದಪಾ" ಎಂದು ಹೇಳಿ, ನಾನು ಕೊಟ್ಟ ಹಣ್ಣನ್ನು ಸುಲಿಯದೆ ಚೀಲಕ್ಕೆ ಹಾಕಿಕೊಂಡರು.

ಆ ದಿನ ನಾನು ಅದಾಲತ್ತಿನ ಒಳಗಿದ್ದದ್ದು ಆಕಸ್ಮಿಕ. ನಮ್ಮೂರಿನವರೊಬ್ಬರ ತಾರೀಖಿತ್ತು, ಜೊತೆಗೆ ಹೋಗಿದ್ದೆ. ಹೊಸ ಚಪರಾಸಿ ಬಾಗಿಲಲ್ಲಿ ನಿಂತು ಒಂದು ಹೆಸರು ಕೂಗಿದ. ಯಾರೂ ಎದ್ದೇಳಲಿಲ್ಲ. ಮತ್ತೆ ಕೂಗಿದ. ವಕೀಲರು ತಮ್ಮ ತಮ್ಮ ಕಾಗದ ನೋಡಿಕೊಳ್ಳುತ್ತಿದ್ದರು. ಆ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ದಾವೆ ಹಾಕಿದ ಹುಡುಗನ ಕಡೆಯ ವಕೀಲರು ಬೀದರಿನಿಂದ ಬಂದವರು, ಅವರಿಗೂ ಅದು ಕಾಗದದ ಮೇಲಿನ ಒಂದು ಹೆಸರು ಮಾತ್ರ. ಚಪರಾಸಿ ಮೂರನೆಯ ಸಲ ಕೂಗುವಾಗ ಬಾಗಿಲ ಹೊರಗಿನಿಂದ ಕಾಕಾ ಒಳಗೆ ಬಂದರು. ತಲೆಗೆ ಒಗೆದ ರುಮಾಲು ಸುತ್ತಿದ್ದರು. ಯಾರಿಗೋ ಏನೋ ಹೇಳಲು ಬಂದಿದ್ದಾರೆ ಎಂದುಕೊಂಡು ನಾನು ಕೈ ಎತ್ತಿದೆ. ಅವರು ನನ್ನ ಕಡೆ ನೋಡಲಿಲ್ಲ. ನೇರವಾಗಿ ಹೋಗಿ ಪ್ರತಿವಾದಿ ನಿಲ್ಲುವ ಜಾಗದಲ್ಲಿ ನಿಂತರು.

"ಹಾಜಿರ್ ಹ್ಞೂಂ" ಎಂದರು.

ಮುನ್ಸೀಫರು ಕನ್ನಡಕ ತೆಗೆದು ನೋಡಿದರು. "ನೀವೇ?"

"ನಾನೇ ಹುಜೂರ್."

"ನಿಮ್ಮ ವಕೀಲರು ಯಾರು?"

ಕಾಕಾ ಎಲ್ಲರಿಗೂ ಕೇಳುವಂತೆ, ಆದರೆ ಪುಕಾರಿನ ದನಿಯಲ್ಲಲ್ಲ, ಮನೆಯಲ್ಲಿ ಮಾತಾಡಿದ ಹಾಗೆ ಹೇಳಿದರು. "ಹಲಗಿ ಮ್ಯಾಲ ಬರದೀನಿ ಹುಜೂರ್. ಯಾರೂ ಒರಸಿಲ್ಲ."

ಒಳಗಿದ್ದ ವಕೀಲರ ಕಾಗದದ ಸಪ್ಪಳ ನಿಂತಿತು. ನನಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ಎಡಮೂಲೆ ಕಣ್ಣ ಮುಂದೆ ಬಂತು. ಅಣ್ಣ, ಅಣ್ಣನ ಮಗ, ಖೋಲಿ, ಕಾಗದ ಇಲ್ಲ. ಎಮ್ಮೆ ವಕೀಲ ಎದ್ದು ನಿಂತಿದ್ದ, ಅವನ ಬಾಯಿ ತೆರೆದೇ ಇತ್ತು. ಅಕ್ಕನ ಕೇಸು ನಡೆಸಿದ ದಪ್ಪ ಮೈಯ ವಕೀಲರೂ ಎದ್ದರು. ಅವರ ಹಿಂದೆ ಇನ್ನೂ ಮೂರು ನಾಲ್ಕು ಜನ. "ಹುಜೂರ್, ನಾನು", "ಹುಜೂರ್, ನಾನು" ಎಂದು ಎಲ್ಲರೂ ಒಟ್ಟಿಗೇ ಮಾತಾಡಿದರು. ಮುನ್ಸೀಫರು ವಕಾಲತ್ತು ಹಾಕಲಿ ಎಂದು ಮುಂದಿನ ತಾರೀಖು ಕೊಟ್ಟು, ಎದ್ದು ಒಳಗೆ ಹೋದರು.

ಹೊರಗೆ ಬಂದ ಮೇಲೆ ನಡೆದದ್ದನ್ನು ಬರೆಯುವುದು ಕಷ್ಟ. ವಕೀಲರೆಲ್ಲ ಕಾಕಾನನ್ನು ಸುತ್ತುಗಟ್ಟಿದರು. ಎಮ್ಮೆ ವಕೀಲ ವಕಾಲತ್ತಿನ ಕಾಗದ ಹಿಡಿದುಕೊಂಡು, "ಇಲ್ಲಿ ಒಂದು ಸಹಿ ಹಾಕ್ರಿ ಕಾಕಾ. ಮುಂದಿಂದು ನನಗ ಬಿಡ್ರಿ" ಎಂದ.

"ಬ್ಯಾಡ ರೀ" ಎಂದರು ಕಾಕಾ.

"ಯಾಕ?"

"ನಿನ್ನಿ ತನಕಾ ಅದು ಒಬ್ಬ ಮುದಕನ ಕೇಸ್ ಇತ್ತು. ನೀವು ಓದಿದ್ರಿ, ಬ್ಯಾಡ ಅಂದ್ರಿ. ತಪ್ಪೇನಲ್ಲ, ಬ್ಯಾಡಾದದ್ದು ಬ್ಯಾಡ ಅನ್ನಬೇಕು. ಇವತ್ತ ಅದು ನನ್ನ ಕೇಸ್ ಆತು. ಸಂಗತಿ ಅದೇ ಅದ. ಬದಲಾಗಿದ್ದು ಮಾರಿ ಒಂದೇ."

"ಕಾಕಾ, ನಮಗ ಗೊತ್ತಿರಲಿಲ್ಲ ರೀ."

"ಗೊತ್ತಿರಬಾರದು ಅಂತೇ ಹಲಗಿ ಕಟ್ಟಿದ್ದು. ನನ್ನ ಮಾರಿ ನೋಡಿ ಒರಸಿದ್ರಿ ಅಂದ್ರ, ನಾಳಿ ಯಾರ ಪರಿಚಯಾನೂ ಇಲ್ಲದಾವ ಬಂದು ಕುಂತ್ರ ಅವಂದು ಯಾರು ಒರಸ್ತಾರ? ನನ್ನ ಹಲಗಿ ಸುಳ್ಳಾಗ್ತದ."

ನನಗೆ ತಡೆಯಲಾಗಲಿಲ್ಲ. "ಕಾಕಾ, ಹಟಾ ಮಾಡಬ್ಯಾಡ್ರಿ. ಖೋಲಿ ಹೋಗ್ತದ. ಆ ಗ್ವಾಡಿ ಹೋಗ್ತದ."

ಆಗ ಅವರ ಮುಖ ಒಮ್ಮೆ ಬಾಡಿತು. ಅವರು ಗಿಡಕ್ಕೆ ಒರಗಿ ಕುಳಿತರು. "ಖೋಲಿ ಬೇಕಪಾ ನನಗ" ಎಂದರು. "ಬ್ಯಾಡ ಅಂದೀನೇನು? ಭಾಳ ಬೇಕು. ಇಷ್ಟು ದಿನಾ ಮುಂಜಾನೆದ್ದು ಹಲಗಿ ನೋಡ್ತಿದ್ದೆ, ಯಾರರೆ ಒರಸ್ಯಾರೇನು ಅಂತ."

ಆ ಮಾತು ಕೇಳಿ ದಪ್ಪ ಮೈಯ ವಕೀಲರು ಮುಖ ತಿರುಗಿಸಿಕೊಂಡು ನಿಂತರು. ಎಮ್ಮೆ ವಕೀಲ ಹಲಗೆಯ ಹತ್ತಿರ ಹೋಗಿ ಕೈ ಎತ್ತಿದ.

"ತಮ್ಮಾ, ಕೈ ತಗಿ" ಎಂದರು ಕಾಕಾ. ಅದು ಹಳೆಯ ಪುಕಾರಿನ ದನಿ. ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನ ಕೈ ಕೆಳಗಿಳಿಯಿತು.

ಅವರು ಮಾಡಿದ್ದು ಸರಿಯೋ ತಪ್ಪೋ ನನಗೆ ಇಂದಿಗೂ ತಿಳಿಯದು. ನಮ್ಮ ಅಕ್ಕ ತಪ್ಪು ಎನ್ನುತ್ತಾಳೆ. ಸತ್ತವರ ಮೇಲೆ ಸಿಟ್ಟು ಮಾಡಬಾರದೆಂದು ಗೊತ್ತಿದ್ದೂ ಅವಳು ಈ ವಿಷಯಕ್ಕೆ ಸಿಟ್ಟಾಗುತ್ತಾಳೆ. "ನನ್ನ ಹೊಲ ಉಳಿಸ್ಯಾರ, ತಮ್ಮ ಖೋಲಿ ಕಳಕೊಂಡಾರ. ಎಂಥಾ ಲೆಕ್ಕ ಇದು?" ಎನ್ನುತ್ತಾಳೆ.

ಮುಂದಿನ ತಾರೀಖಿಗೆ ಅವರು ಒಬ್ಬರೇ ನಿಂತು ತಮ್ಮ ಸಂಗತಿ ಹೇಳಿದರು. ಮುನ್ಸೀಫರು ಕಾಗದ ಎಲ್ಲಿ ಎಂದರು, ಕಾಕಾ ಇಲ್ಲ ಎಂದರು. ಸಾಕ್ಷಿ ಯಾರು ಎಂದರು, ಅಣ್ಣ ಸತ್ತಾನೆ ಎಂದರು. ಖೋಲಿ ಬಿಡಬೇಕೆಂದು ತೀರ್ಪಾಯಿತು. ಗಟ್ಟಿ ವಕೀಲನೊಬ್ಬನಿದ್ದರೆ, ಬದುಕಿರುವತನಕ ಇರಲೆಂದು ಹುಡುಗನನ್ನು ಒಪ್ಪಿಸಬಹುದಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಹುಡುಗನೂ ಹೊರಗೆ ಬಂದು ಅತ್ತ. "ನೀವು ಬಾಯಿ ಬಿಟ್ಟು ಇರತೀನಿ ಅಂದಿದ್ರ ನಾ ಹ್ಞೂಂ ಅಂತಿದ್ದೆ ಕಾಕಾ" ಎಂದ. ಅವರು ಅವನ ತಲೆಯ ಮೇಲೆ ಕೈಯಿಟ್ಟರು. ಎಲ್ಲರಿಗಾಗಿ ಕೂಗಿದ ಮನುಷ್ಯನಿಗೆ ತನಗಾಗಿ ಬಾಯಿ ಬಿಡುವುದು ಬರಲಿಲ್ಲ.

ನಾನು ಬಂಡಿ ತೆಗೆದುಕೊಂಡು ಹೋಗಿ ಅವರನ್ನು ಕಮಲಾಪುರಕ್ಕೆ ಕರೆತಂದೆ. ಒಂದು ಟ್ರಂಕು, ಬಳೆಗಳ ಗಂಟು. ಕೋಟೆಯ ಬಾಗಿಲು ದಾಟುವಾಗ ಹಿಂದಿರುಗಿ ನೋಡಲಿಲ್ಲ. ತಾಜಸುಲ್ತಾನಪುರ ಬಂದ ಮೇಲೆ, "ಹಲಗಿ ಅಲ್ಲೇ ಬಿಟ್ಟೀನಿ. ನೀ ವಾರಕ್ಕೊಮ್ಮಿ ಹೋಗ್ತೀಯಲ್ಲ, ನೋಡಕೋ" ಎಂದರು. ನಾನು ಹೂಂ ಎಂದೆ. ನಮ್ಮ ಪಡಸಾಲೆಯಲ್ಲಿ ಅವರಿಗೆ ಹಾಸಿಗೆ ಹಾಕಿದೆವು. ಮೊದಲ ದಿನಗಳಲ್ಲಿ ತೋಟಕ್ಕೆ ಬಂದು ಕುಳಿತು ಹಕ್ಕಿ ಓಡಿಸಲು ಒಂದು ಕೂಗು ಹಾಕುತ್ತಿದ್ದರು. ಆಮೇಲೆ ಅದೂ ಕಡಿಮೆಯಾಯಿತು. ಎದುರಿನ ಗೋಡೆಯನ್ನೇ ನೋಡುತ್ತ ಕೂಡುತ್ತಿದ್ದರು. ಅದನ್ನು ಕಂಡು ಅಕ್ಕ ಒಂದು ದಿನ ಸುಣ್ಣ ಕಲಸಿಕೊಂಡು ಬಂದು ಗೋಡೆಯ ಮೇಲೆ ಹೂವಿನ ಬಳ್ಳಿ ಬಿಡಿಸಲು ನಿಂತಳು. "ಬ್ಯಾಡವ್ವಾ" ಎಂದರು. "ಆಕಿ ಕೈಯ್ದು ಬ್ಯಾರೆ ಇತ್ತು."

ಒಂದು ಬೆಳಿಗ್ಗೆ ನನ್ನ ಹೆಂಡತಿ ಮಜ್ಜಿಗೆ ತೆಗೆದುಕೊಂಡು ಹೋಗಿ ಎಬ್ಬಿಸಿದಳು. ಅವರು ಏಳಲಿಲ್ಲ. ಹಿಂದಿನ ದಿನ ಊಟ ಮಾಡಿದ್ದರು, ಮಾತಾಡಿದ್ದರು, ಜ್ವರ ಕೂಡ ಇರಲಿಲ್ಲ. ನಾನು ಬಹಳ ಹೊತ್ತು ಅವರ ಹೆಸರು ಹಿಡಿದು ಕರೆದೆ. ಕಾಕಾ ಎಂದಲ್ಲ, ಅದಾಲತ್ತಿನಲ್ಲಿ ಕೇಳಿದ ಆ ಹೆಸರನ್ನು. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ.

ಸುದ್ದಿ ಹೇಳಲು ಹೋದ ದಿನ ಗಿಡದ ಕೆಳಗೆ ನಾವು ಹಾಗೇ ನಿಂತಿದ್ದೆವು. ಹಲಗೆಯ ಎಡಮೂಲೆಯಲ್ಲಿ "ಒಬ್ಬ ಮುದುಕ. ವಕೀಲ ಬೇಕು" ಎಂದಿತ್ತು. ಆ ನಾಲ್ವರಲ್ಲಿದ್ದ ಎಮ್ಮೆ ವಕೀಲ ನನ್ನನ್ನು ಕೇಳಿದ, "ಈಗ ಒರಸ್ಲೇನು?" ಒರೆಸಿದರೆ ಕೇಸು ನಡೆಸಬೇಕು. ಯಾರ ಕೇಸು?

ಅಷ್ಟರಲ್ಲಿ ಗಿಡದ ಆಚೆ ಕುಳಿತಿದ್ದ ಹೆಂಗಸೊಬ್ಬಳು ಎದ್ದು ಬಂದಳು. ಕಾಲಿನ ಧೂಳು ನೋಡಿದರೆ ದೂರದಿಂದ ನಡೆದು ಬಂದವಳು. "ಬರಿಯೋ ಮುತ್ಯಾ ಇನ್ನಾ ಬಂದಿಲ್ಲೇನ್ ರೀ? ಮುಂಜಾನಿಂದ ಕುಂತೀನಿ" ಎಂದಳು.

ಹಲಗೆಯ ಹಿಂದೆ ಹಗ್ಗಕ್ಕೆ ಸಿಕ್ಕಿಸಿದ್ದ ಖಡುವನ್ನು ನಾನು ಹುಡುಕಿ ತೆಗೆದೆ. ಆಕೆ ತನ್ನ ಹೆಸರು ಹೇಳಲು ಶುರು ಮಾಡಿದಳು.

"ಹೆಸರು ಬ್ಯಾಡವ್ವಾ" ಎಂದೆ. "ಸಂಗತಿ ಹೇಳು."

ಆಕೆ ಹೇಳಿದ್ದನ್ನು, ಕಾಕಾನ ಸಾಲಿನ ಕೆಳಗೆ, ನನಗೆ ಬಂದ ಹಾಗೆ ಬರೆದೆ. ಎಮ್ಮೆ ವಕೀಲ ಮೊದಲು ಮೇಲಿನ ಸಾಲು ಓದಿದ. ಆಮೇಲೆ ನನ್ನದು ಓದಿದ. ಆಕೆಯ ಮುಖ ನೋಡದೆ, ನಾನು ಬರೆದದ್ದನ್ನು ಅಂಗೈಯಿಂದ ಒರೆಸಿದ. ಮೇಲಿನದಕ್ಕೆ ಕೈ ತಾಗದ ಹಾಗೆ ಒರೆಸಿದ. ಆಮೇಲೆ "ಯಾರು?" ಎಂದು ಕೇಳಿದ.

ಈಗಲೂ ವಾರಕ್ಕೊಮ್ಮೆ ಹೋಗುತ್ತೇನೆ, ಬಂದವರ ಸಂಗತಿ ಕೇಳಿ ಬರೆಯುತ್ತೇನೆ. ಎಡಮೂಲೆಯ ಸಾಲು ಅಲ್ಲೇ ಇದೆ. ಕೆಳಗಿನದನ್ನು ಓದುವವರು ಅದನ್ನು ದಾಟಿಯೇ ಬರಬೇಕು. ಅದನ್ನು ನಾನು ಮುಟ್ಟುವುದಿಲ್ಲ. ಆದರೆ ಇಬ್ಬನಿಗೆ, ಮಳೆಯ ಹನಿಗೆ ಅಕ್ಷರ ಮಸುಕಾದಾಗ ಯಾರೋ ತಿದ್ದಿ ಬರೆದಿರುತ್ತಾರೆ. ಒಂದು ಸಲದ ಕೈಬರಹ ಇನ್ನೊಂದು ಸಲದ ಹಾಗೆ ಇರುವುದಿಲ್ಲ. ಅದಾಲತ್ತಿನ ಮೆಟ್ಟಿಲು ಹತ್ತುವ ವಕೀಲರಲ್ಲಿ ಇವತ್ತು ಯಾರ ಬೆರಳಿಗೆ ಖಡು ಹತ್ತಿದೆ ಎಂದು ನಾನು ನೋಡಹೋಗುವುದಿಲ್ಲ.